ಅಭ್ಯಾಸವಾಗುವ ಗಾಳಿಯಲ್ಲ ಇದು

"ಅದೇನಾಗಲ್ಲ ಬುಡಿ ಸಾ, ಅಭ್ಯಾಸ ಆಗೋಗದ." ಗುಂಡ್ಲುಪೇಟೆ ಸೀಮೆಯಲ್ಲಿ ಬ್ಲೀಚಿಂಗ್ ಪೌಡರಿನ ಚೀಲ ಹೊರುವ ನೀರುಗಂಟಿಯನ್ನು ಕೇಳಿ, ಆಸ್ಪತ್ರೆಯ ಶೌಚಾಲಯ ತೊಳೆಯುವ ಹೆಣ್ಣುಮಗಳನ್ನು ಕೇಳಿ, ಬಂಡೀಪುರದ ಅಂಚಿನ ರೆಸಾರ್ಟಿನಲ್ಲಿ ಈಜುಕೊಳ ನೋಡಿಕೊಳ್ಳುವ ಹುಡುಗನನ್ನು ಕೇಳಿ, ಉತ್ತರ ಇದೇ. ಅವರ ಬಾಯಲ್ಲಿ ಈ ಮಾತು ಬಂದರೆ ನನಗೆ ಅರ್ಥವಾಗುತ್ತದೆ. ನಾಳೆ ಕೆಲಸಕ್ಕೆ ಬರಬೇಡ ಅಂದಾರು ಎಂಬ ಭಯದ ಮುಂದೆ ಕೆಮ್ಮು ಸಣ್ಣದು. ಆದರೆ ಅವರ ಮೇಲಿನವರು, ಅಂದರೆ ಮೇಸ್ತ್ರಿ, ಗುತ್ತಿಗೆದಾರ, ಎಂಜಿನಿಯರು, ಪಿಡಿಒ, ಕೆಲವು ಸಲ ವೈದ್ಯರು ಕೂಡ, ಅದೇ ಮಾತನ್ನು ಅವರ ಪರವಾಗಿ ಹೇಳುತ್ತಾರೆ: "ಅವರಿಗೆ ಅಭ್ಯಾಸ ಇದೆ." ನನ್ನ ತಕರಾರು ಈ ಎರಡನೆಯ ಮಾತಿನ ಮೇಲೆ. ಅದು ವೈದ್ಯಶಾಸ್ತ್ರದ ಪ್ರಕಾರ ಸುಳ್ಳು. ಆ ಸುಳ್ಳಿನ ಮೇಲೆ ನಮ್ಮ ಊರುಗಳ ನೀರು, ನೈರ್ಮಲ್ಯ, ಆಸ್ಪತ್ರೆ ಎಲ್ಲವೂ ನಡೆಯುತ್ತಿವೆ.

ಕ್ಲೋರಿನ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದಿಲ್ಲದ ನೀರು ಏನು ಮಾಡುತ್ತದೆಂದು 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ ನೋಡಿತು, 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಕೆ. ಸಾಲುಂಡಿ ನೋಡಿತು. ಕಲುಷಿತ ನೀರು ಕುಡಿದು ವಾಂತಿ ಭೇದಿಯಾಗಿ ಜನ ಸತ್ತರು. ನಲ್ಲಿಯಲ್ಲಿ ಬರುವ ಪ್ರತಿ ಲೀಟರ್ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಭಾರತೀಯ ಮಾನಕ 10500 ಹೇಳುತ್ತದೆ. ಅದು ಇರಲೇಬೇಕು. ಕುಡಿಯುವವರ ಹೊಟ್ಟೆಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಇಟ್ಟಿರುವ ನಾವು, ಆ ಕ್ಲೋರಿನ್ನನ್ನು ನೀರಿಗೆ ಬೆರೆಸುವವನ ಎದೆಗೆ ಎಷ್ಟು ಹೋಯಿತೆಂದು ಒಂದು ದಿನವೂ ಅಳೆದಿಲ್ಲ. ನನ್ನ ಸಿಟ್ಟು ಅಲ್ಲಿದೆ.

ಅಭ್ಯಾಸದ ಮಾತಿಗೆ ಬರೋಣ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕ್ಲೋರಿನ್ 0.1ರಿಂದ 0.3 ಪಾಲಿನಷ್ಟು ಇದ್ದರೂ ಹೊಸ ಮೂಗಿಗೆ ವಾಸನೆ ತಿಳಿಯುತ್ತದೆ. ಇದನ್ನು ಪಿಪಿಎಂ ಎನ್ನುತ್ತಾರೆ. 1ರಿಂದ 3 ಪಿಪಿಎಂಗೆ ಕಣ್ಣು ಮೂಗು ಉರಿ, 15 ಮುಟ್ಟುವ ಹೊತ್ತಿಗೆ ಗಂಟಲು ಕಟ್ಟಿ ಕೆಮ್ಮು, 30ಕ್ಕೆ ಎದೆನೋವು, ವಾಂತಿ, ಉಸಿರುಕಟ್ಟು. 40 ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಸ್ಥಿತಿ. ಸಾವಿರ ಪಿಪಿಎಂ ಇದ್ದರೆ ಕೆಲವೇ ನಿಮಿಷದಲ್ಲಿ ಸಾವು. 10 ಪಿಪಿಎಂ ಇದ್ದ ಜಾಗವನ್ನೇ ಪ್ರಾಣಕ್ಕೆ ತಕ್ಷಣದ ಅಪಾಯವಿರುವ ಜಾಗ ಎಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್ ಗುರುತಿಸಿದೆ. ನಮ್ಮ 1948ರ ಕಾರ್ಖಾನೆ ಕಾಯ್ದೆಗೆ ಭೋಪಾಲ್ ದುರಂತದ ನಂತರ, 1987ರಲ್ಲಿ ಸೇರಿಸಿದ ಅಧ್ಯಾಯ ಮತ್ತು ಅದರ ಎರಡನೇ ಅನುಸೂಚಿ ಇಡೀ ಪಾಳಿಯ ಸರಾಸರಿಗೆ 1 ಪಿಪಿಎಂ ಎಂದು ಮಿತಿ ಹಾಕಿದವು.

ದಿನಾ ಅದೇ ಗಾಳಿಯಲ್ಲಿ ಇರುವವನ ಮೂಗು ಸ್ವಲ್ಪ ಹೊತ್ತಿನಲ್ಲೇ ಆ ವಾಸನೆ ಹಿಡಿಯುವುದನ್ನು ಬಿಡುತ್ತದೆ. ಬಹಳ ದಿನ ಇದ್ದರೆ ಉರಿಯೂ ಮೊದಲಿನಷ್ಟು ತಿಳಿಯುವುದಿಲ್ಲ. ನಾವು ಅಭ್ಯಾಸ ಎಂದು ಕರೆಯುತ್ತಿರುವುದು ಇದನ್ನೇ. ಶ್ವಾಸಕೋಶಕ್ಕೆ ಈ ವಿನಾಯಿತಿ ಇಲ್ಲ. ಒಳಗೆ ಹೋದ ಕ್ಲೋರಿನ್ ಉಸಿರುನಾಳದ ತೇವದೊಂದಿಗೆ ಸೇರಿ ಹೈಡ್ರೋಕ್ಲೋರಿಕ್ ಆಮ್ಲವೂ ಹೈಪೋಕ್ಲೋರಸ್ ಆಮ್ಲವೂ ಆಗುತ್ತದೆ. ಮೊದಲ ದಿನ ಎಷ್ಟು ಸುಟ್ಟಿತೋ ಸಾವಿರನೆಯ ದಿನವೂ ಅಷ್ಟೇ ಸುಡುತ್ತದೆ. ಬದಲಾದದ್ದು ಒಂದೇ, ಓಡು ಎಂದು ಹೇಳಬೇಕಾದ ಮೂಗು ಸುಮ್ಮನಾಗಿದೆ. ಅಪಾಯದ ಗಂಟೆ ಕೆಟ್ಟುಹೋದವನನ್ನು ನಾವು ಗಟ್ಟಿಗ ಎಂದು ಮೆಚ್ಚಿ, ಹೊಸಬನಿಗೆ ಕೊಡದ ಕೆಲಸವನ್ನು ಅವನಿಗೇ ಕೊಡುತ್ತೇವೆ.

ಇದು ನನ್ನ ಊಹೆಯಲ್ಲ. ಕೆನಡಾದಲ್ಲಿ ಕಾಗದದ ತಿರುಳು ಮಾಡುವ ಗಿರಣಿಗಳ ಕಾರ್ಮಿಕರನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ನಡುವೆ ಆಗಾಗ ಕ್ಲೋರಿನ್ ಬಡಿದವರಲ್ಲಿ ಉಬ್ಬಸವೂ ಉಸಿರುನಾಳದ ಬಿಗಿತವೂ ಹೆಚ್ಚಾಗಿ ಕಂಡವು. 2018ರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ದಶಕಗಳ ದಾಖಲೆ ಇಟ್ಟುಕೊಂಡು ಹೇಳಿದ್ದು ಇನ್ನೂ ಹತ್ತಿರದ ವಿಷಯ: ಶುಚಿಗೊಳಿಸುವ ಕೆಲಸದಲ್ಲಿದ್ದ ಹೆಂಗಸರ ಶ್ವಾಸಕೋಶದ ಶಕ್ತಿ ಉಳಿದವರಿಗಿಂತ ಬೇಗ ಇಳಿಯುತ್ತದೆ. ಇಂಥ ಅನಿಲ ಒಂದೇ ಒಂದು ಸಲ ಜೋರಾಗಿ ಉಸಿರಿಗೆ ಹೋದರೂ ತಿಂಗಳು, ವರ್ಷಗಟ್ಟಲೆ ಉಳಿಯುವ ಆಸ್ತಮಾದಂಥ ಕಾಯಿಲೆಯನ್ನು ವೈದ್ಯರು 1985ರಿಂದಲೇ ಹೆಸರಿಟ್ಟು ಗುರುತಿಸುತ್ತಾರೆ. ಅಭ್ಯಾಸದಿಂದ ದೇಹ ಗಟ್ಟಿಯಾಗುವುದಾದರೆ ಈ ಫಲಿತಾಂಶಗಳು ತಿರುಗುಮುರುಗಾಗಿ ಬರಬೇಕಿತ್ತು.

ಇಷ್ಟು ಹೇಳಿದ ಮೇಲೆ ಎದುರಿಗಿರುವವರು ಮಾತು ಬದಲಿಸುತ್ತಾರೆ. ನಮ್ಮದೇನು ಕಾರ್ಖಾನೆ ಊರೇ? ಅರಿಸಿನ, ಚೆಂಡುಹೂವು, ಟೊಮೆಟೊ ಬೆಳೆಯುವ ತಾಲ್ಲೂಕು. ಒಂದು ಕಡೆ ಊಟಿ ರಸ್ತೆ, ಇನ್ನೊಂದು ಕಡೆ ಸುಲ್ತಾನ್ ಬತ್ತೇರಿ ರಸ್ತೆ, ನಡುವೆ ಕಾಡು. ಇಲ್ಲಿ ಕ್ಲೋರಿನ್ ದುರಂತ ಎಲ್ಲಿಂದ ಬರಬೇಕು ಎನ್ನುತ್ತಾರೆ.

ಶೌಚಾಲಯದಿಂದ ಬರುತ್ತದೆ. ಶಾಲೆ, ಹಾಸ್ಟೆಲ್, ಆಸ್ಪತ್ರೆ, ಬಸ್ ನಿಲ್ದಾಣ, ಲಾಡ್ಜು, ಎಲ್ಲಿ ಬೇಕಾದರೂ ಈ ಕೆಲಸ ಹೇಗೆ ನಡೆಯುತ್ತದೆಂದು ನಿಂತು ನೋಡಿ. ಮೊದಲು ನೆಲಕ್ಕೂ ಕಮೋಡಿಗೂ ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಕರೆ ಹೋಗದಿದ್ದರೆ ಅದರ ಮೇಲೆಯೇ ಕ್ಯಾನಿನಿಂದ ಆಸಿಡ್ ಸುರಿಯುತ್ತಾರೆ. ಚುಂಯ್ ಎಂದು ನೊರೆ ಏಳುತ್ತದೆ, ಹಳದಿ ಹಸಿರು ಛಾಯೆಯ ಹೊಗೆ ನೆಲದಿಂದ ಮೊಣಕಾಲಿನವರೆಗೆ ಬರುತ್ತದೆ. ಸೆರಗನ್ನು ಮೂಗಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು, ನಾಲ್ಕು ಸಲ ಬ್ರಷ್ ಉಜ್ಜಿ ಹೊರಗೆ ಓಡಿಬಂದು ಕೆಮ್ಮಿ, ಮತ್ತೆ ಒಳಗೆ ಹೋಗುತ್ತಾರೆ. ಕುಕ್ಕರಗಾಲಿನಲ್ಲಿ ಕೂತು ಉಜ್ಜುವ ಕೆಲಸವಾದ್ದರಿಂದ ಮುಖ ಇರುವುದೇ ಆ ಹೊಗೆಯ ಎತ್ತರದಲ್ಲಿ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲಿನ ವೆಂಟಿಲೇಟರಿನಿಂದ ಅದು ತಾನಾಗಿ ಹೊರಗೆ ಹೋಗುವುದಿಲ್ಲ.

ಆ ಹೊಗೆ ಏನೆಂದು ಲೆಕ್ಕ ಹಾಕುವುದು ಕಷ್ಟವಿಲ್ಲ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇ 33ರಷ್ಟು ಲಭ್ಯ ಕ್ಲೋರಿನ್ ಇರುತ್ತದೆ. ಆಸಿಡ್ ಬಿದ್ದಾಗ ಹೊರಬರುವ ಕ್ಲೋರಿನ್ನಿನ ಅಳತೆಯೇ ಅದು. ನೂರು ಗ್ರಾಂ ಪುಡಿ ಪೂರ್ತಿ ಆಸಿಡ್ಡಿನೊಂದಿಗೆ ಸೇರಿದರೆ 33 ಗ್ರಾಂ ಅನಿಲ, ಅಂದರೆ ಸುಮಾರು 11 ಲೀಟರ್. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಎಂಟು ಅಡಿ ಎತ್ತರದ ಶೌಚಾಲಯದಲ್ಲಿ ಹಿಡಿಯುವ ಗಾಳಿ ಸುಮಾರು 2,700 ಲೀಟರ್. ಭಾಗಿಸಿದರೆ ನಾಲ್ಕು ಸಾವಿರ ಪಿಪಿಎಂ. ಪುಡಿ ಹಳೆಯದು, ಎಲ್ಲವೂ ಸೇರುವುದಿಲ್ಲ, ಬಾಗಿಲು ತೆರೆದಿರುತ್ತದೆ, ಒಪ್ಪೋಣ. ನೂರರಲ್ಲಿ ಒಂದೇ ಪಾಲು ಹೊರಬಂತು ಎಂದಿಟ್ಟುಕೊಂಡರೂ 40 ಪಿಪಿಎಂ ಆಯಿತು. ಪ್ರಾಣಾಪಾಯದ ಗೆರೆ 10. ಕಾರ್ಖಾನೆಯಲ್ಲಿ ಈ ಮಟ್ಟ ಕಂಡರೆ ಸೈರನ್ ಕೂಗಿ ಜನರನ್ನು ಹೊರಗೆ ಓಡಿಸುತ್ತಾರೆ. ಇಲ್ಲಿ ಆಯಾ ಒಬ್ಬರೇ ಬಕೆಟ್ ಹಿಡಿದು ಒಳಗಿರುತ್ತಾರೆ.

ಎರಡನ್ನೂ ಸೇರಿಸಬಾರದು ಎಂದು ಟಾಯ್ಲೆಟ್ ಕ್ಲೀನರಿನ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆದರೆ ನಮ್ಮ ಕಚೇರಿಗಳಿಗೆ ಆಸಿಡ್ ಬರುವುದು ಲೇಬಲ್ಲೇ ಇಲ್ಲದ ಕ್ಯಾನಿನಲ್ಲಿ. ಪೌಡರ್ ಬರುವುದು ಚೀಲದಲ್ಲಿ. ಅದನ್ನು ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿಗೆ ತುಂಬಿಸಿ, ಎರಡನ್ನೂ ಮೆಟ್ಟಿಲ ಕೆಳಗೆ ಅಕ್ಕಪಕ್ಕ ಇಡುತ್ತಾರೆ. ಇಂಡೆಂಟ್ ಬರೆದವರು, ಬಿಲ್ಲಿಗೆ ಸಹಿ ಹಾಕಿದವರು, ಸ್ಟಾಕ್ ಪುಸ್ತಕದಲ್ಲಿ ನಮೂದಿಸಿದವರು, ಇಷ್ಟು ಜನ ಓದು ಬಲ್ಲವರ ಕೈದಾಟಿ ಬಂದ ಎರಡು ರಾಸಾಯನಿಕಗಳು ಅಕ್ಷರ ಗೊತ್ತಿಲ್ಲದ ಒಬ್ಬ ಹೆಂಗಸಿನ ಕೈಯಲ್ಲಿ ಒಂದಾಗುತ್ತವೆ. ಹೆಚ್ಚುಕಡಿಮೆಯಾದರೆ ಅವಳ ಅಜಾಗರೂಕತೆ ಎಂದು ಬರೆಯುತ್ತಾರೆ. ಈ ಪದ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳಿಗೆ ಎಚ್ಚರಿಕೆ ಹೇಳಬೇಕಿದ್ದವರು ಹೇಳಿದರೇ ಎಂದು ವರದಿ ಬರೆಯುವವರು ಮೊದಲು ಕೇಳಬೇಕು.

ಮುಂಜಾನೆ ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ನಡೆಯುವುದೂ ಇದೇ ಕಥೆಯ ಇನ್ನೊಂದು ರೂಪ. ನೀರುಗಂಟಿ ಚೀಲದ ಬಾಯಿ ಬಿಚ್ಚಿ ಡಬ್ಬಿಯಲ್ಲಿ ಪುಡಿ ಮೊಗೆಯುವಾಗಲೇ ಬಿಳಿ ಧೂಳು ಮುಖಕ್ಕೆ ಬರುತ್ತದೆ. ಬಕೆಟ್ಟಿನಲ್ಲಿ ಕೋಲಿನಿಂದ ಕದಡಿ, ಸುಣ್ಣದ ಗಸಿ ತಳಕ್ಕೆ ಕೂರುವವರೆಗೆ ಕಾದು, ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಕಬ್ಬಿಣದ ಏಣಿಯನ್ನೂ ಹಿಡಿದು ಹತ್ತುತ್ತಾನೆ. ಅಲ್ಲಿ ಮುಚ್ಚಳ ತೆಗೆದು ಬಾಗಿ ಸುರಿಯುತ್ತಾನೆ. ವರ್ಷಕ್ಕೆ ಕೆಲವು ಬಾರಿ ಟ್ಯಾಂಕಿನ ಒಳಗೇ ಇಳಿದು ಬ್ಲೀಚಿಂಗ್ ಹಾಕಿ ಗೋಡೆ ಉಜ್ಜುವುದುಂಟು. ಮುಚ್ಚಿದ ಟ್ಯಾಂಕು, ಭಾರದ ಅನಿಲ, ಒಂದೇ ಕಿಂಡಿ. ಮೇಲೆ ಹಗ್ಗ ಹಿಡಿದು ನಿಲ್ಲಲು ಇನ್ನೊಬ್ಬ ಇರುವುದು ಅಪರೂಪ.

ರೆಸಾರ್ಟಿನ ಈಜುಕೊಳದ ಪಂಪಿನ ಕೋಣೆಯನ್ನು ನಾವು ಯೋಚಿಸುವುದೇ ಇಲ್ಲ. ನೀರಿನ ಕ್ಷಾರ ಇಳಿಸಲು ಆಸಿಡ್, ಕ್ರಿಮಿ ಸಾಯಿಸಲು ಹೈಪೋಕ್ಲೋರೈಟ್, ಇವೆರಡೂ ಒಂದೇ ಕತ್ತಲ ಮೂಲೆಯಲ್ಲಿ. ಅದರ ಜೊತೆಗೆ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆಗಳು. ಆ ಮಾತ್ರೆ ಮತ್ತು ಬ್ಲೀಚಿಂಗ್ ಒದ್ದೆ ಸೌಟಿನಲ್ಲಿ ಬೆರೆತರೆ ಬೆಂಕಿ ಹತ್ತಿ ಸಿಡಿಯಲೂಬಹುದು.

ಇನ್ನು ಸಿಲಿಂಡರು. ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಅನಿಲ ಕ್ಲೋರಿನ್ನನ್ನೇ ಬಳಸುತ್ತಾರೆ. ಟನ್ನರ್ ಎಂಬ ಒಂದು ದೊಡ್ಡ ಸಿಲಿಂಡರಿನಲ್ಲಿ ಒತ್ತಡದಿಂದ ದ್ರವವಾದ 900 ಕೆ.ಜಿ. ಕ್ಲೋರಿನ್ ಇರುತ್ತದೆ. ಒಂದು ಲೀಟರ್ ದ್ರವ ಹೊರಬಿದ್ದರೆ ನಾನೂರೈವತ್ತು ಲೀಟರಿಗೂ ಹೆಚ್ಚು ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರೆಯಲ್ಲಿ ಜರ್ಮನ್ ಸೇನೆ ಗಾಳಿಯ ದಿಕ್ಕು ನೋಡಿ ಬಿಟ್ಟ ವಿಷ ಇದೇ ಅನಿಲ. ಕಾರ್ಖಾನೆ ಊರಲ್ಲ ಎನ್ನುವವರು 2024ರ ಜೂನ್‌ನಲ್ಲಿ ಮೈಸೂರಿನ ಹಳೇ ಕೆಸರೆಯಲ್ಲಿ ಆದದ್ದನ್ನು ನೆನೆಯಲಿ. ಅಲ್ಲಿ ಅನಿಲ ಸೋರಿದ್ದು ಗುಜರಿ ಅಂಗಡಿಗೆ ಬಂದಿದ್ದ ಸಿಲಿಂಡರಿನಿಂದ, ಹತ್ತಾರು ಜನ ಆಸ್ಪತ್ರೆ ಸೇರಿದರು. 2010ರ ಜುಲೈನಲ್ಲಿ ಮುಂಬೈನ ಸೇವ್ರಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಕಳಿಸಿದ್ದು ಬಂದರಿನ ಅಂಗಳದಲ್ಲಿ ವರ್ಷಗಟ್ಟಲೆ ಅನಾಥವಾಗಿ ಬಿದ್ದಿದ್ದ ಹಳೆಯ ಸಿಲಿಂಡರು. ಎರಡೂ ಕಡೆ ಕಾರ್ಖಾನೆ ಇರಲಿಲ್ಲ. ಹಳೆಯ ಸಿಲಿಂಡರ್ ಇತ್ತು, ಅದು ಯಾರ ಜವಾಬ್ದಾರಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನೆಗಳಲ್ಲೂ ಆಗುತ್ತದೆ. ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ 2025ರ ಜನವರಿಯಲ್ಲಿ ಕ್ಲೋರಿನ್ ಸೋರಿ ಕಾರ್ಮಿಕರು ಅಸ್ವಸ್ಥರಾದರು. ವ್ಯತ್ಯಾಸ ಏನೆಂದರೆ, ಅಂಥ ಜಾಗದಲ್ಲಿ ಸುರಕ್ಷತಾ ಅಧಿಕಾರಿ, ಅನಿಲ ಪತ್ತೆ ಯಂತ್ರ, ಆಂಬುಲೆನ್ಸ್ ಇರಬೇಕೆಂದು ಕೇಳಲು ಕಾನೂನು ಇದೆ. ಸಣ್ಣ ಊರಿನಲ್ಲಿ ಕೇಳುವವರಿಲ್ಲ.

ಕಾನೂನು ಕೂಡ ಸಣ್ಣದನ್ನು ಕಾಣುವುದಿಲ್ಲ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಿ, ಕ್ಲೋರಿನ್ ಇಟ್ಟಿರುವ ಜಾಗದ ಬಗ್ಗೆ ಅಧಿಕಾರಿಗಳಿಗೆ ತಿಳಿಸುವ ಕರ್ತವ್ಯ ಶುರುವಾಗುವುದು 10 ಟನ್ನಿಗೆ. ಸುರಕ್ಷತಾ ವರದಿ ಬೇಕಾಗುವುದು 25 ಟನ್ನಿಗೆ. ಹತ್ತು ಟನ್ನರುಗಳನ್ನು ಸಾಲಾಗಿ ಮಲಗಿಸಿಟ್ಟರೂ 9 ಟನ್ನೇ ಆಯಿತು. ಬ್ಲೀಚಿಂಗ್ ಚೀಲಗಳ ಮಾತಂತೂ ಬೇಡ. ಅಪಾಯ ಟನ್ನಿನ ಲೆಕ್ಕದಲ್ಲಿದ್ದರೆ ಮಾತ್ರ ಅಪಾಯ ಎಂದು ಭಾವಿಸುವವರಿಗೆ ನಾಲ್ಕಡಿ ಶೌಚಾಲಯದ ನೂರು ಗ್ರಾಂ ಕಾಣಿಸುವುದೇ ಇಲ್ಲ. ಹಾಗಿದ್ದೂ ಕಾನೂನಿಗೆ ಪೂರ್ತಿ ಗೊತ್ತಿಲ್ಲ ಎನ್ನುವಂತಿಲ್ಲ. ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ 2013ರಲ್ಲಿ ಬಂದ ನಿಯಮಗಳು ಒಳಚರಂಡಿ ಕೆಲಸಗಾರರಿಗೆ ಕೊಡಲೇಬೇಕಾದ ಸಾಧನಗಳ ಪಟ್ಟಿ ಮಾಡಿವೆ. ಅದರಲ್ಲಿ ಕ್ಲೋರಿನ್ ಮಾಸ್ಕ್ ಎಂದು ಹೆಸರು ಹಿಡಿದೇ ಬರೆದಿದೆ. ಅದನ್ನು ಕಣ್ಣಾರೆ ಕಂಡ ಪೌರಕಾರ್ಮಿಕರು ನಮ್ಮ ಕಡೆ ಎಷ್ಟು ಮಂದಿ ಇದ್ದಾರೆ, ನೀವೇ ನಿಮ್ಮ ಬೀದಿಯಲ್ಲಿ ವಿಚಾರಿಸಿ.

ಕೊಟ್ಟಿದ್ದೇವಲ್ಲ ಮಾಸ್ಕು ಎನ್ನುತ್ತಾರೆ. ಕೊಡುವುದು ಕೊರೊನಾ ಕಾಲದಿಂದ ಉಳಿದ ನೀಲಿ ಬಟ್ಟೆಯ ಮಾಸ್ಕು. ಅದು ಎಂಜಲ ಹನಿ ತಡೆಯಲು ಮಾಡಿದ್ದು. ಎನ್-95 ಕೂಡ ಧೂಳಿಗೆ ಆಗುತ್ತದೆ, ಅನಿಲ ಅದರ ಮೂಲಕ ನಿರಾಯಾಸವಾಗಿ ಹೋಗುತ್ತದೆ. ಆಮ್ಲಾನಿಲಗಳಿಗೆಂದೇ ಮಾಡಿದ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಬೇಕು. ದೊಡ್ಡ ಸೋರಿಕೆಗೆ ಅದೂ ಸಾಲದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವ ಉಸಿರಾಟದ ಸಾಧನ ಬೇಕು. ಒದ್ದೆ ಬಟ್ಟೆಯ ವಾದವನ್ನೂ ಕೇಳಿದ್ದೇನೆ. ಸೋರಿಕೆಯಾದ ಜಾಗದಿಂದ ಓಡಿ ಪಾರಾಗುವ ಅರೆಗಳಿಗೆಗೆ, ಬೇರೇನೂ ಇಲ್ಲದಿದ್ದರೆ, ಅದು ಸ್ವಲ್ಪ ನೆರವಾದೀತು. ಅದನ್ನು ಕಟ್ಟಿಕೊಂಡು ಕೆಲಸ ಮಾಡು ಎಂದು ಹೇಳುವುದು ಅಪರಾಧ. ಸಂಜೆ ಒಂದು ಉಂಡೆ ಬೆಲ್ಲ, ಒಂದು ಲೋಟ ಹಾಲು ಕೊಟ್ಟು ವಿಷ ಇಳಿಯಿತು ಎನ್ನುವುದೂ ಹಾಗೆಯೇ. ಬೆಲ್ಲ ಹೋಗುವ ದಾರಿ ಬೇರೆ, ಗಾಳಿ ಹೋಗುವ ದಾರಿ ಬೇರೆ.

ವಾಸನೆ ಬಂದರೆ ಶುದ್ಧವಾಯಿತು ಎಂಬ ನಂಬಿಕೆ ಈ ಎಲ್ಲದರ ಬೇರು. ಮಂತ್ರಿ ಬರುವ ದಿನ ರಸ್ತೆಯ ಎರಡೂ ಅಂಚಿಗೆ ಬಿಳಿ ಗೆರೆ ಎಳೆದ ಹಾಗೆ ಬ್ಲೀಚಿಂಗ್ ಚೆಲ್ಲುತ್ತಾರೆ. ಜಾತ್ರೆಗೆ ಚೆಲ್ಲುತ್ತಾರೆ, ಡೆಂಗಿ ಬಂದರೆ ಚೆಲ್ಲುತ್ತಾರೆ. ಒಣ ಮಣ್ಣಿನ ಮೇಲೆ ಬಿದ್ದ ಆ ಪುಡಿಯಿಂದ ಸೊಳ್ಳೆ ಸಾಯುವುದಿಲ್ಲ, ಚರಂಡಿ ಶುದ್ಧವಾಗುವುದಿಲ್ಲ. ಬರಿಗೈಯಲ್ಲಿ ಚೆಲ್ಲುತ್ತ ನಡೆದವರ ಬೆರಳು ಮಾತ್ರ ಬಿರಿಯುತ್ತವೆ. 2020ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ವಲಸೆ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ಮೈಮೇಲೆಯೇ ಹೈಪೋಕ್ಲೋರೈಟ್ ಸಿಂಪಡಿಸಿದರು. ಮನುಷ್ಯರ ಮೇಲೆ ಇದನ್ನು ಸಿಂಪಡಿಸಕೂಡದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಹೇಳದೆ ತಿಳಿಯಬೇಕಿದ್ದ ಮಾತು ಅದು.

ಅಭ್ಯಾಸ ಎನ್ನುವುದನ್ನು ನಾವು ಯಾರ ಬಗ್ಗೆ ಹೇಳುತ್ತೇವೆ, ಯಾರ ಬಗ್ಗೆ ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ಅಧಿಕಾರಿಯ ಮನೆಯ ಸಂಪು ತೊಳೆಯುವಾಗ ಬ್ಲೀಚಿಂಗ್ ವಾಸನೆಗೆ ಮಗು ಕೆಮ್ಮಿದರೆ, ಅಭ್ಯಾಸವಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಸಂಪಿನ ಒಳಗಿರುವವನ ಬಗ್ಗೆ ಮಾತ್ರ ಆ ಮಾತು. ಆತ ಯಾವ ಕೇರಿಯವನು ಎಂಬುದು ನಮಗೆಲ್ಲ ಗೊತ್ತು. ಪೌರಕಾರ್ಮಿಕರಲ್ಲಿ ಹೆಚ್ಚಿನವರು, ಶೌಚಾಲಯ ತೊಳೆಯುವವರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ಹೆಂಗಸರು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಶೌಚಗುಂಡಿಗೆ ಇಳಿಸಿದ್ದು ಹೊರಬಂದಾಗ ನಾಡೆಲ್ಲ ಕೂಗಿತು, ಸರಿಯಾಗಿಯೇ ಕೂಗಿತು. ಅಂಥ ಮಕ್ಕಳ ಅಮ್ಮಂದಿರು ಪ್ರತಿದಿನ ಬ್ಲೀಚಿಂಗ್ ಹೊಗೆಯಲ್ಲಿ ಕೂರುವುದಕ್ಕೆ ನಾವು ಕೂಗುವುದಿಲ್ಲ. ತಲೆಮಾರುಗಳಿಂದ ಒಂದು ಜಾತಿಗೆ ಹೊರಿಸಿದ ಕೆಲಸವನ್ನು ಅವರ ದೇಹದ ಗುಣ ಎಂದು ನಂಬಿಸುವ ಹಳೆಯ ಬುದ್ಧಿಯೇ ಈಗ ಅಭ್ಯಾಸ ಎಂಬ ಹೆಸರಿನಲ್ಲಿ ಮಾತಾಡುತ್ತಿದೆ.

ಆಸ್ಪತ್ರೆಯಲ್ಲೂ ಅದೇ ಮಾತು ಕೇಳಿದರೆ ಜೀವ ಹೋಗುತ್ತದೆ. ಕ್ಲೋರಿನ್ ಬಡಿದವರು ಕೆಮ್ಮುತ್ತ ಬರುತ್ತಾರೆ. ಒಂದು ಇಂಜೆಕ್ಷನ್ನು, ಎರಡು ಮಾತ್ರೆ, ಸ್ವಲ್ಪ ಹೊತ್ತಿಗೆ ಕೆಮ್ಮು ತಗ್ಗುತ್ತದೆ, ಎಕ್ಸ್‌ರೇ ಚೆನ್ನಾಗಿರುತ್ತದೆ, ಮನೆಗೆ ಹೋಗು ಎನ್ನುತ್ತಾರೆ. ಅಮೋನಿಯಾದಷ್ಟು ಬೇಗ ಕ್ಲೋರಿನ್ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಅದು ಗಂಟಲಲ್ಲೇ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ನೀರು ತುಂಬಿಕೊಳ್ಳುವುದು ಹಲವು ಗಂಟೆಗಳ ಮೇಲೆ, ಕೆಲವರಲ್ಲಿ ಒಂದು ದಿನದೊಳಗೆ. ಸಂಜೆ ಸರಿಯಾಗಿದ್ದವರು ಮಧ್ಯರಾತ್ರಿ ಏದುಸಿರು ಬಿಡುತ್ತಾರೆ. ಹಳ್ಳಿಯಿಂದ ಗುಂಡ್ಲುಪೇಟೆಗೆ, ಅಲ್ಲಿಂದ ಮೈಸೂರಿಗೆ ಇನ್ನೂ 60 ಕಿಲೋಮೀಟರ್. ಕ್ಲೋರಿನ್ನಿಗೆ ಮದ್ದೆಂದು ಯಾವ ಪ್ರತಿವಿಷವೂ ಇಲ್ಲ. ಬಟ್ಟೆ ತೆಗೆಸಿ, ಕಣ್ಣನ್ನು ಹದಿನೈದು ನಿಮಿಷ ನೀರಿನಲ್ಲಿ ತೊಳೆದು, ಆಮ್ಲಜನಕ ಕೊಟ್ಟು, ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿ, ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು. ಆಮ್ಲಜನಕ ಹೊತ್ತಿಗೆ ಸಿಗದಿದ್ದರೆ ಏನಾಗುತ್ತದೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿಯನ್ನು ಒಳಗೊಂಡ ಒಂದು ದಿನದಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಸಿಲಿಂಡರಿನ ಲೆಕ್ಕ ಯಾರ ಹೊಣೆ ಎಂಬ ಪ್ರಶ್ನೆಯನ್ನು ಸಾವಿನ ಮೊದಲು ಯಾರೂ ಕೇಳಿರಲಿಲ್ಲ, ಆಮೇಲೆ ಎಲ್ಲರೂ ಕೇಳಿದರು.

ಹಾಗಾದರೆ ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಉತ್ತರದಲ್ಲಿ ದೊಡ್ಡ ಸಂಶೋಧನೆ ಏನೂ ಇಲ್ಲ. ಬ್ಲೀಚಿಂಗ್ ಬಳಸುವ ಯಾವ ಶಾಲೆ, ಹಾಸ್ಟೆಲ್, ಆಸ್ಪತ್ರೆಗೂ ಆಸಿಡ್ ಖರೀದಿಸಬಾರದು. ಎರಡೂ ಒಂದೇ ಛಾವಣಿಯ ಕೆಳಗೆ ಇಲ್ಲದಿದ್ದರೆ ಬೆರೆಯುವ ಪ್ರಶ್ನೆಯೇ ಇಲ್ಲ. ಕೆಲಸದವರಿಗೆ ಜಾಗೃತಿ ಶಿಬಿರ ಮಾಡಿ ಫೋಟೊ ತೆಗೆಸುವುದಕ್ಕಿಂತ ಇಂಡೆಂಟಿನಿಂದ ಒಂದು ಸಾಲು ಹೊಡೆದುಹಾಕುವುದು ಹೆಚ್ಚು ಜೀವ ಉಳಿಸುತ್ತದೆ. ಓವರ್‌ಹೆಡ್ ಟ್ಯಾಂಕುಗಳಿಗೆ ಪುಡಿಯ ಬದಲು ದ್ರವ ಹೈಪೋಕ್ಲೋರೈಟನ್ನು ಹನಿಹನಿಯಾಗಿ ಬಿಡುವ ಡೋಸಿಂಗ್ ಪಂಪ್ ನೆಲದಲ್ಲೇ ಕೂರಿಸಬಹುದು. ಆಗ ನೀರುಗಂಟಿ ಬಕೆಟ್ ಹಿಡಿದು ಏಣಿ ಹತ್ತಬೇಕಿಲ್ಲ, ನೀರಿನಲ್ಲಿ ಕ್ಲೋರಿನ್ನಿನ ಪ್ರಮಾಣವೂ ದಿನಕ್ಕೊಂದು ಥರ ಇರುವುದಿಲ್ಲ.

ಟನ್ನರ್ ಇರುವ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನು ನೆಲಮಟ್ಟದಲ್ಲಿರಬೇಕು, ಅದರ ಸ್ವಿಚ್ಚು ಬಾಗಿಲ ಹೊರಗಿರಬೇಕು. ಉಸಿರಾಟದ ಸಾಧನವೂ ಹೊರಗೇ ಇರಬೇಕು. ಒಳಗೆ ಬೀಗ ಹಾಕಿಟ್ಟ ಸಾಧನವನ್ನು ತರಲು ಅನಿಲದೊಳಗೇ ಹೋಗಬೇಕಾದ ಸ್ಥಿತಿ ಬರಬಾರದು. ಸೋರುವ ಜಾಗ ಹುಡುಕಲು ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ವಾಲ್ವ್ ಹತ್ತಿರ ಹಿಡಿಯುತ್ತಾರೆ, ಸೋರುತ್ತಿದ್ದರೆ ದಟ್ಟ ಬಿಳಿ ಹೊಗೆ ಬರುತ್ತದೆ. ಆ ಅಮೋನಿಯಾ ಬಾಟಲಿ ಖಾಲಿಯೋ ತುಂಬಿದೆಯೋ ವಾರಕ್ಕೊಮ್ಮೆ ನೋಡಬೇಕು. ಸೋರುವ ಟನ್ನರಿನ ಮೇಲೆ ನೀರು ಬಿಡಕೂಡದು. ಒದ್ದೆ ಕ್ಲೋರಿನ್ ಕಬ್ಬಿಣವನ್ನು ತಿಂದು ತೂತನ್ನು ಇನ್ನೂ ದೊಡ್ಡದು ಮಾಡುತ್ತದೆ. ಸೋರುವ ಭಾಗ ಮೇಲೆ ಬರುವ ಹಾಗೆ ಟನ್ನರನ್ನು ಉರುಳಿಸಿದರೆ ದ್ರವದ ಬದಲು ಅನಿಲ ಬರುತ್ತದೆ, ಸೋರಿಕೆ ಅಷ್ಟರಮಟ್ಟಿಗೆ ತಗ್ಗುತ್ತದೆ. ಇದೆಲ್ಲ ಗೊತ್ತಿರುವ ಇಬ್ಬರು ಪ್ರತಿ ಪಾಳಿಯಲ್ಲೂ ಇರಬೇಕು, ಒಬ್ಬರು ಸಾಲದು. ರಾತ್ರಿ ಪಾಳಿಗೆ ಒಬ್ಬನೇ ಗುತ್ತಿಗೆ ಹುಡುಗನನ್ನು ಬಿಟ್ಟು, ಏನಾದರೂ ಆದರೆ ಫೋನ್ ಮಾಡು ಎನ್ನುವ ವ್ಯವಸ್ಥೆ ನಿಲ್ಲಬೇಕು.

ವರ್ಷಕ್ಕೊಮ್ಮೆ ಇವರೆಲ್ಲರ ಉಸಿರಿನ ಶಕ್ತಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಆಗಬೇಕು. ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದರೆ ಮುಗಿಯಿತು. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜು ಇದೆ, ವಿದ್ಯಾರ್ಥಿಗಳಿದ್ದಾರೆ, ಯಂತ್ರ ಒಯ್ಯಲು ಜೀಪಿದೆ. ಕೆಲಸಕ್ಕೆ ಸೇರಿದ ವರ್ಷದ ಅಂಕಿ, ಐದನೆಯ ವರ್ಷದ ಅಂಕಿ, ಹತ್ತನೆಯ ವರ್ಷದ ಅಂಕಿ ಒಂದರ ಕೆಳಗೊಂದು ಬರೆದಿಟ್ಟ ದಿನ ಅಭ್ಯಾಸದ ವಾದ ಹೇಳುವವರು ಆ ಕಾಗದ ನೋಡಿಕೊಂಡು ಮಾತಾಡಬೇಕಾಗುತ್ತದೆ. ಗುತ್ತಿಗೆಯವರನ್ನು ಈ ಪಟ್ಟಿಯಿಂದ ಬಿಡುವಂತಿಲ್ಲ. ಈ ಗಾಳಿಯನ್ನು ಹೆಚ್ಚು ಉಸಿರಾಡುವವರು ಅವರೇ.

ದುಡ್ಡೆಲ್ಲಿದೆ ಎನ್ನುವುದು ಕೊನೆಯ ಆಕ್ಷೇಪ. 2021ರಿಂದ 2026ರವರೆಗೆ 15ನೇ ಹಣಕಾಸು ಆಯೋಗ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ದುಡ್ಡಿನಲ್ಲಿ ಪೈಪು ಬಂತು, ಟ್ಯಾಂಕು ಬಂತು, ಮೋಟಾರು ಬಂತು, ಬ್ಲೀಚಿಂಗ್ ಚೀಲವೂ ಬಂತು. ಚೀಲ ಬಿಚ್ಚುವವನ ಮುಖವಾಡ ನೀರಿನ ಬಾಬತ್ತಿಗೆ ಸೇರುವುದಿಲ್ಲ ಎಂದು ಯಾವ ಆದೇಶದಲ್ಲಿ ಬರೆದಿದೆ? ಮುಂದಿನ ಕ್ರಿಯಾಯೋಜನೆ ಬರೆಯುವಾಗ ಬ್ಲೀಚಿಂಗ್ ಖರೀದಿಯ ಸಾಲಿನ ಕೆಳಗೆ ಮುಖವಾಡ, ಕಾರ್ಟ್ರಿಜ್, ಕೈಗವಸು, ಕನ್ನಡಕ ಎಂದು ಇನ್ನೊಂದು ಸಾಲು ಸೇರಿಸಿ, ಅದಕ್ಕೆ ಅಧ್ಯಕ್ಷರೂ ಪಿಡಿಒ ಅವರೂ ಸಹಿ ಹಾಕಲಿ. ಕಾರ್ಟ್ರಿಜ್ ಬದಲಿಸಬೇಕಾದ ತಾರೀಖನ್ನೂ ಅದರ ಪಕ್ಕದಲ್ಲೇ ಬರೆಯಲಿ, ಏಕೆಂದರೆ ಹಳೆಯ ಕಾರ್ಟ್ರಿಜ್ ಹಾಕಿಕೊಂಡವನಿಗೆ ಬರಿಯ ಮುಖದವನಿಗಿಂತ ಹೆಚ್ಚಿನ ಧೈರ್ಯ ಬರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.